ಕಾರಿಗೆ ಹೂಡಿದ ಮಣ್ಣೆತ್ತು

ಜನ ಕಾರು ಕೊಳ್ಳುವುದು ಓಡಿಸಲಿಕ್ಕೆ. ನಮ್ಮ ಕಾಕಾ ಕೊಂಡದ್ದು ಸವರಲಿಕ್ಕೆ! ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಕೊಪ್ಪಳದ ಭಾಗ್ಯನಗರದಲ್ಲಿ ಅವನ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಬೆಳಿಗ್ಗೆ ನಾನು ಶಾಲೆಗೆ ಹೊರಡುವಾಗ ಅವನು ಬಾನೆಟ್ ಸವರುತ್ತಿರುತ್ತಾನೆ. ಸಂಜೆ ಪಾಠ ಹೇಳಿ ಗಂಟಲು ಹರಿದುಕೊಂಡು ಬಂದರೆ ಡಿಕ್ಕಿ ಸವರುತ್ತಿರುತ್ತಾನೆ. ನಡುವೆ ಎಲ್ಲಿಗಾದರೂ ಹೋಗಿದ್ದನೇ ಎಂದು ಕೇಳೀರಿ ಮತ್ತೆ! ಹೋದರೆ ಧೂಳು ಹತ್ತುವುದಿಲ್ಲವೇ?

ತಮಾಷೆ ಏನೆಂದರೆ, ಇಡೀ ನೌಕರಿಯನ್ನು ರಸ್ತೆ ಹಾಕಿಸುವುದರಲ್ಲೇ ಕಳೆದ ಮನುಷ್ಯ ಇವನು. ತಲೆ, ಹುಬ್ಬು, ಮೀಸೆ ಎಲ್ಲ ಧೂಳಿನಿಂದ ಕೆಂಪಾಗಿಸಿಕೊಂಡು ಮನೆಗೆ ಬಂದರೆ, ಅವನ ಹೆಂಡತಿ, ಅಂದರೆ ನಮ್ಮ ಚಿಗವ್ವ, ಅಂಗಳದಲ್ಲೇ ನಿಲ್ಲಿಸಿ ಕೊಡ ನೀರು ಸುರುವಿ ಆಮೇಲೆ ಒಳಗೆ ಬಿಟ್ಟುಕೊಳ್ಳುತ್ತಿದ್ದಳು. ಅಂಥವನು ನಿವೃತ್ತಿಯಾದ ಮೇಲೆ ನೇರಳೆ ಹಣ್ಣಿನ ಬಣ್ಣದ ಈ ಕಾರು ತಂದ. ತಂದದ್ದೇ ತಂದದ್ದು, ಧೂಳು ಎಂಬುದು ಅವನ ಜನ್ಮವೈರಿಯಾಯಿತು. ಗುಡಿಗಾದರೂ ಕಾಲು ತೊಳೆಯದೆ ಹೋಗಬಹುದು, ಕಾಕಾನ ಕಾರಿಗೆ ಇಲ್ಲ. ಕುಂಕುಮದ ಬೊಟ್ಟಿಲ್ಲ, ನಿಂಬೆಹಣ್ಣಿಲ್ಲ, ಕನ್ನಡಿಗೆ ಒಂದು ಮಣಿಸರ ಸಹ ಇಲ್ಲ. "ಗಾಡಿ ಅಂದ್ರ ಹುಟ್ಟಿದಾಗ ಹೆಂಗಿತ್ತು ಹಂಗ ಇರಬೇಕು" ಎಂಬುದು ಅವನ ಸಿದ್ಧಾಂತ. ಅವನೇ ಹುಟ್ಟಿದಾಗ ಇದ್ದಂತೆ ಇಲ್ಲ, ಆ ಮಾತು ಬೇರೆ!

ಈ ಸಿದ್ಧಾಂತ ಕೈಕೊಟ್ಟದ್ದು ನನ್ನ ತಂಗಿಯ ಕುಬಸದ, ಅಂದರೆ ಸೀಮಂತದ ದಿನ. ತಂಗಿಯ ಗಂಡನ ಮನೆ ಗಂಗಾವತಿ. ಹೊಸ ಸೀರೆ ಉಟ್ಟು, ಎರಡೂ ಕೈತುಂಬ ಹಸಿರು ಗಾಜಿನ ಬಳೆ ಇಡಿಸಿಕೊಂಡು, ಉಡಿ ತುಂಬುವ ಸಾಮಾನು ಹಿಡಿದು ಚಿಗವ್ವ ಕಾರಿನ ಬಾಗಿಲಿಗೆ ಕೈ ಹಾಕಿದಳು. ಚರ್ರ್ ಅಂತ ಬಳೆ ಬಾಗಿಲಿಗೆ ಗೀರಿತು. ಕಾಕಾ ಚೇಳು ಕಡಿದವನಂತೆ ಚೀರಿದ:

"ಏ! ಬಳಿ! ಬಳಿ ತಗದ ಹತ್ತು!"

ಓಣಿಗೆ ಓಣಿಯೇ ನಾಲಿಗೆ ಕಚ್ಚಿಕೊಂಡಿತು. ಮುತ್ತೈದೆಗೆ ಬಳೆ ತೆಗೆ ಅನ್ನುವುದೇ? ಅದೂ ಕುಬಸಕ್ಕೆ ಹೊರಟವಳಿಗೆ? ಅದೂ ಸ್ವಂತ ಗಂಡನ ಬಾಯಿಂದ? ಎದುರು ಮನೆಯ ಮುದುಕಿ ಲಟಲಟ ನೆಟಿಕೆ ಮುರಿದಳು. ತನ್ನ ಬಾಯಿಂದ ಏನು ಬಿತ್ತೆಂದು ಕಾಕಾನಿಗೂ ತಿಳಿಯಿತು, ಮುಖ ಬೆಳ್ಳಗಾಯಿತು. ಆದರೆ ಆಡಿದ ಮಾತು, ಒಡೆದ ಮುತ್ತು!

ಚಿಗವ್ವ ದನಿ ಏರಿಸಲಿಲ್ಲ. "ನೀವು ನೂರ ವರ್ಷ ಗಟ್ಟಿ ಇರ್ರಿ. ನಾ ಬಳೀನೂ ತಗ್ಯಂಗಿಲ್ಲ, ನಿಮ್ಮ ಗಾಡೀನೂ ಹತ್ತಂಗಿಲ್ಲ" ಅಂದವಳೇ ಎದುರು ಬಂದ ಟಂಟಂ ಆಟೋಗೆ ಕೈ ಮಾಡಿದಳು. ನಾನೂ ಅವಳ ಹಿಂದೆ ಹತ್ತಿದೆ. ಬಸ್‌ಸ್ಟ್ಯಾಂಡಿನಿಂದ ಗಂಗಾವತಿ ಬಸ್ಸು. ಹಿಂದೆ ನೋಡಿದರೆ ಕಾಕಾನ ಖಾಲಿ ಕಾರು! ಬಸ್ಸು ನಿಂತಲ್ಲೆಲ್ಲ ಕಾರು ನಿಂತಿತು, ಬಸ್ಸು ಹೊರಟಲ್ಲೆಲ್ಲ ಅದರ ಧೂಳು ನುಂಗುತ್ತ ಹೊರಟಿತು. ಕಂಡಕ್ಟರನಿಗೆ ತಡೆಯಲಾಗಲಿಲ್ಲ.

"ಯಾರ್ರಿ ಯಕ್ಕಾ ಆ ಕಾರಿನ್ಯಾಂವ? ಕೊಪ್ಪಳದಿಂದ ಬೆನ್ನ ಹತ್ಯಾನ?"

"ಯಾರಿಗ್ಗೊತ್ತಪಾ!" ಅಂದಳು ಚಿಗವ್ವ, ಕಿಟಕಿಯ ಕಡೆ ಮುಖ ತಿರುಗಿಸಿ.

ಅಂದಿನಿಂದ ಅದೇ ಕ್ರಮ. ಸಂತೆಗೆ ಹೋದರೂ ಅಷ್ಟೆ, ಲಗ್ನಕ್ಕೆ ಹೋದರೂ ಅಷ್ಟೆ, ಮುಂದೆ ಟಂಟಂ, ಹಿಂದೆ ಕಾರು. ಮನೆಯಲ್ಲಿ ಮಾತಿತ್ತು, ಬಿಸಿ ರೊಟ್ಟಿಯಿತ್ತು, ನಗುವೂ ಇತ್ತು. ಕಾರು ಮಾತ್ರ ಹತ್ತಲೊಲ್ಲಳು. ಕಾಕಾ ಸೊರಗಿದ. ಫೋನಿನಲ್ಲಿ ಕಣ್ಣು ನೆಟ್ಟು ಏನನ್ನೋ ಹುಡುಕತೊಡಗಿದ. ಒಂದು ದಿನ ನನ್ನನ್ನು ಕರೆದ.

"ಇಲ್ನೋಡವಾ. ತೊಳದ್ರ ಹೋಗೂದು ಮ್ಯಾಲಿನ ಧೂಳಷ್ಟ. ರೈಲಿನ ಕಬ್ಬಿಣಪುಡಿ, ಡಾಂಬರದ ಹನಿ, ಗಿಡದ ಅಂಟು, ಇವೆಲ್ಲಾ ಬಣ್ಣಕ್ಕ ಕಚ್ಚಿ ಕುಂತಿರ್ತಾವ. ಅದಕ್ಕಂತ ಒಂದ ಮಣ್ಣ ಐತಿ. ಅದನ್ನ ತಿಕ್ಕಿ, ಆಮ್ಯಾಲ ಮೇಣ ಹಚ್ಚಬೇಕು."

"ಮಣ್ಣ ಹತ್ತಬಾರ್ದು ಅಂತ ಜೀವಾ ಬಿಡ್ತಿ, ಈಗ ನೀನ ಮಣ್ಣ ತಿಕ್ತಿಯೇನ ಕಾಕಾ?"

"ಮುಳ್ಳೀಲೆ ಮುಳ್ಳ ತಗೀಬೇಕವಾ." ಆಮೇಲೆ ಗೋಡೆಗೂ ಕೇಳಿಸದಂತೆ ಹೇಳಿದ, "ಬಳಿ ಗೀರೂ ಹೋಗ್ತಾವ. ಗೀರ ಹೋದ್ರ ಆಕಿ ಸಿಟ್ಟೂ ಹೋಗತೈತಿ."

"ಅದಕ್ಕಿಂತ ತಪ್ಪಾತು ಅಂದ್ರ ಸಲೀಸ ಅಲ್ಲೇನು?"

ಕಾಕಾ ನನ್ನನ್ನು ದಡ್ಡ ವಿದ್ಯಾರ್ಥಿಯನ್ನು ನೋಡುವಂತೆ ನೋಡಿದ. "ಅದನ್ನ ಹೆಂಗ ಅನ್ನೂದು?"

ಮಣ್ಣು ಬರುವ ತನಕ ಅವನು ಸುಮ್ಮನೆ ಕೂರುವ ಆಸಾಮಿಯೇ? ಕೈಯನ್ನು ತೆಳು ಪ್ಲಾಸ್ಟಿಕ್ ಚೀಲದೊಳಗೆ ತೂರಿಸಿ ಬಣ್ಣದ ಮೇಲೆ ಆಡಿಸಿದರೆ, ಬರಿಗೈಗೆ ಸಿಗದ ಹರಳೂ ಬೆರಳಿಗೆ ಹತ್ತುತ್ತದಂತೆ. ನಾನೂ ಆಡಿಸಿ ನೋಡಿದೆ. ನಿಜ! ಕಣ್ಣಿಗೆ ಕನ್ನಡಿಯಂತಿದ್ದ ಬಾನೆಟ್ಟು ಕೈಗೆ ಎಳ್ಳು ಹಚ್ಚಿದ ಸಜ್ಜೆರೊಟ್ಟಿ. ಅಷ್ಟಕ್ಕೇ ನಿಂತಿದ್ದರೆ ಸರಿ. ಕೊಪ್ಪಳಕ್ಕೆ ಕೆಲಸದ ಮೇಲೆ ಬಂದಿದ್ದ ತಂಗಿಯ ಮಾವ ಚಹಾಕ್ಕೆಂದು ಮನೆಗೆ ಬಂದರೆ, ಕಾಕಾ ಕೈಗೆ ಚೀಲ ಹಾಕಿಕೊಂಡು ಅವರ ಹೊಸ ಕಾರನ್ನು ಸವರುತ್ತ ನಿಂತಿದ್ದಾನೆ.

"ಏನ ನಡಸೀರಿ ಬೀಗರ?" ಎಂದರು ಅವರು, ಗಾಬರಿಯಿಂದ.

"ನಿಮ್ಮ ಗಾಡಿಗೆ ಮೈತುಂಬ ಗುಳ್ಳಿ ಎದ್ದಾವ್ರಿ!"

ಬೀಗರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಅವರು ಹೆದರಿದ್ದು ಗುಳ್ಳೆಗೋ ಕಾಕಾನಿಗೋ ನನಗೆ ಗೊತ್ತಿಲ್ಲ.

ಅಂತೂ ಪಾರ್ಸಲ್ ಬಂತು. ಸಾಬೂನಿನ ತುಂಡಿನಷ್ಟು ದೊಡ್ಡ, ಕಣಕದಂತೆ ಮೆತ್ತಗಿನ, ನೀಲಿ ಬಣ್ಣದ ಮುದ್ದೆ. ಚಿಗವ್ವ ಅದನ್ನು ಮೂಸಿ ನೋಡಿ ನನ್ನ ಕಡೆ ತಿರುಗಿದಳು. "ಎರಿಮಣ್ಣಿನ ಹೊಲದಾಗ ಹುಟ್ಟಿ ಬೆಳದಾಂವ ಪಾರ್ಸಲ್‌ದಾಗ ಮಣ್ಣ ತರಸ್ಯಾನ! ನಾಳಿಗೆ ಗಾಳೀನೂ ತರಸ್ತಾನ, ನೋಡ್ತಿರು!"

ಕಾರಹುಣ್ಣಿಮೆಯ ದಿನ ಮುಹೂರ್ತ. ಊರಿನವರೆಲ್ಲ ಎತ್ತು ತೊಳೆದು ಕೊಂಬಿಗೆ ಬಣ್ಣ ಬಳಿಯುತ್ತಿದ್ದರೆ ಕಾಕಾ ಕಾರು ತೊಳೆದ. ಕೇಳಿದ್ದಕ್ಕೆ, "ಹಬ್ಬದ ಹೆಸರ ಕಾರಹುಣ್ಣಿಮಿ. ಎತ್ತಿನ ಹುಣ್ಣಿಮಿ ಅಂತ ಯಾರರ ಅಂದಾರೇನು?" ಅಂದ. ಇಂಥ ಪಂಡಿತರ ಜೊತೆ ವಾದ ಮಾಡಲಾದೀತೇ! ಮುದ್ದೆಯಲ್ಲಿ ಅರ್ಧ ಹರಿದು, ಅಂಗೈಯಲ್ಲಿ ನಾದಿ, ಪುಟ್ಟ ರೊಟ್ಟಿಯಂತೆ ತಟ್ಟಿ, ಬಣ್ಣಕ್ಕೆ ಸಾಬೂನು ನೀರು ಚಿಮುಕಿಸಿ ಹಗುರಾಗಿ ಜಾರಿಸಿದ. ಮೊದಮೊದಲು ಕರಕರ ಸದ್ದು. ನಾಲ್ಕಾರು ಸಲ ಆಡಿಸಿದ ಮೇಲೆ ಸದ್ದಡಗಿ ಮಣ್ಣು ತಾನೇ ಜಾರತೊಡಗಿತು. ತಿರುಗಿಸಿ ನೋಡಿದರೆ ನೀಲಿಯ ಮೇಲೆಲ್ಲ ಕಂದು ಕೊಳೆ. ಅದನ್ನು ಒಳಗೆ ಮಡಚಿ, ಹೊಸ ಮುಖ ಮಾಡಿ, ಮತ್ತೆ ತಿಕ್ಕಿದ. ಮಧ್ಯಾಹ್ನದ ಹೊತ್ತಿಗೆ ಆ ತುಂಡು ಕೈಜಾರಿ ಅಂಗಳಕ್ಕೆ ಬಿತ್ತು. ನಾನು ಎತ್ತಿಕೊಡಲು ಬಗ್ಗಿದೆ.

"ಮುಟ್ಟಬ್ಯಾಡ! ಕೆಟ್ಟಹೋತದು! ನೆಲದ ಹರಳ ಮೆತ್ತಿರ್ತಾವ, ತಿಕ್ಕಿದ್ರ ಬಣ್ಣ ಕೆರೀತೈತಿ!"

ಮಣ್ಣು ನೆಲಕ್ಕೆ ಬಿದ್ದರೆ ಕೆಡುತ್ತದೆ ಎಂಬುದನ್ನು ನಾನು ಜೀವಮಾನದಲ್ಲಿ ಮೊದಲ ಸಲ ಕೇಳಿದೆ!

ಕಾರಿನ ಒಂದು ಮಗ್ಗುಲು ಗಾಜಿನಂತೆ ನುಣ್ಣಗಾಗಿತ್ತು. ಆದರೆ ಚಿಗವ್ವನ ಬಾಗಿಲ ಹಿಡಿಕೆಯ ಹತ್ತಿರ ಬಳೆಯ ನಾಲ್ಕು ಗೀರು ಇದ್ದಲ್ಲೇ ಇದ್ದವು. ಸುತ್ತಲಿನ ಕೊಳೆ ಹೋದದ್ದರಿಂದ ಮೊದಲಿಗಿಂತ ಚೆನ್ನಾಗಿ ಎದ್ದು ಕಾಣುತ್ತಿದ್ದವು. ಕಾಕಾ ಅಲ್ಲೇ ಕುಕ್ಕರಗಾಲಲ್ಲಿ ಕೂತ. "ಇದು ಅಂಟಿದ್ದನ್ನ ತಗೀತೈತವಾ. ಗೀರಿದ್ದನ್ನ ತಗ್ಯಂಗಿಲ್ಲ" ಅಂದ. ನನಗೆ ನಗು ಬರಲಿಲ್ಲ. ಉಳಿದರ್ಧ ಮಣ್ಣನ್ನು ಇನ್ನೊಂದು ಮಗ್ಗುಲಿಗೆಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಅಡುಗೆಮನೆಯ ಮಾಡದಲ್ಲಿ ಇಟ್ಟ.

ಮುಂದೆ ಬಂದದ್ದು ಮಣ್ಣೆತ್ತಿನ ಅಮಾವಾಸ್ಯೆ. ಅಂದು ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ, ಪೂಜೆಯ ಮಣ್ಣಿನ ಎತ್ತು ಮಾರುವ ಕುಂಬಾರಗಿತ್ತಿ ಓಣಿಗೆ ಬರಲಿಲ್ಲ. ಹೊತ್ತು ಏರಿದ ಮೇಲೆ ಕಾಕಾನ ಕೂಗು ಗೋಡೆ ದಾಟಿ ಬಂತು.

"ಡಬ್ಯಾಗಿನ ನನ್ನ ಮಣ್ಣೆಲ್ಲೈತಿ?"

"ಜಗಲಿ ಮ್ಯಾಲ ಐತಿ. ಕೈ ಮುಗೀರಿ" ಎಂದಳು ಚಿಗವ್ವ.

ನಾನು ಓಡಿಹೋಗಿ ನೋಡಿದೆ. ದೇವರ ಜಗಲಿಯ ಮೇಲೆ ನೀಲಿ ಎತ್ತಿನ ಜೋಡಿ! ಜೋಳದ ಕಾಳಿನ ಕಣ್ಣು, ಚೂಪು ಕೊಂಬು, ಹಣೆಗೆ ಅರಿಶಿನ ಕುಂಕುಮ, ಮುಂದೆ ಹೋಳಿಗೆಯ ನೈವೇದ್ಯ. ಪೂಜೆಯಾದ ಎತ್ತನ್ನು ಮುರಿದು ಕಾರಿಗೆ ತಿಕ್ಕುವ ಎದೆ ಯಾರಿಗಿದೆ? ಕಾಕಾನ ಮೇಣದ ಕನಸು ಅಕ್ಷರಶಃ ಮಣ್ಣುಗೂಡಿತು. ಬಾಯಿ ಮುಚ್ಚಿಕೊಂಡು ಕೈ ಮುಗಿದ, ಹೋಳಿಗೆ ತಿಂದ.

ಮರುದಿನ ಚಿಗವ್ವ ಎತ್ತುಗಳನ್ನು ಬಕೆಟ್ಟಿನ ನೀರಿಗೆ ಬಿಟ್ಟಳು. ಸಂಜೆ ನೋಡಿದರೆ ನಿಂತೇ ಇವೆ. ಅದರ ಮರುದಿನವೂ ನಿಂತೇ ಇವೆ! ಅದೇನು ಹೊಲದ ಮಣ್ಣೇ ಕರಗಲಿಕ್ಕೆ?

"ಹೋಗಾಕ ಒಲ್ಲೆ ಅಂತಾವ" ಎಂದಳು ಚಿಗವ್ವ ನನಗೆ. "ಹಟಮಾರಿ ಎತ್ತು. ಯಾರ ಮಣ್ಣು, ಹೇಳು!"

ಕಾಕಾ ಎತ್ತುಗಳನ್ನು ನೀರಿನಿಂದ ತೆಗೆದು ಪಂಚೆಯ ತುದಿಯಿಂದ ಒರೆಸಿ ಹೊರಗೆ ಒಯ್ದ.

ತಂಗಿಗೆ ಹೆಣ್ಣು ಮಗು ಹುಟ್ಟಿತು. ತೊಟ್ಟಿಲ ಕಾರ್ಯ ನಮ್ಮ ತವರು ಮಂಗಳೂರಿನಲ್ಲಿ. ಅದೇ ನಮ್ಮ ಯಲಬುರ್ಗಾ ಕಡೆಯ ಮಂಗಳೂರು, ಸಮುದ್ರದ್ದಲ್ಲ! ಅಂದು ಬೆಳಿಗ್ಗೆ ಚಿಗವ್ವ ಅದೇ ಹಸಿರು ಬಳೆ ತೊಟ್ಟು ಟಂಟಂ ಕಾಯುತ್ತ ನಿಂತಿದ್ದಳು. ಪಕ್ಕದಲ್ಲಿ ನಾನು. ಕಾಕಾ ಕಾರು ತಂದು ನಮ್ಮ ಮುಂದೆ ನಿಲ್ಲಿಸಿ, ಇಳಿದು ಬಂದು, ಒಳಗೆ ನೋಡು ಅನ್ನುವಂತೆ ಕುತ್ತಿಗೆ ಆಡಿಸಿದ. ಚಿಗವ್ವ ಗಾಜಿನಿಂದ ಇಣುಕಿದಳು. ಡ್ಯಾಶ್‌ಬೋರ್ಡಿನ ಮೇಲೆ ಆ ನೀಲಿ ಎತ್ತುಗಳು ರಸ್ತೆಗೆ ಮುಖ ಮಾಡಿ ನಿಂತಿದ್ದವು. ಹಣೆಗೆ ಹೊಸ ಕುಂಕುಮ. ಕುಂಕುಮ, ಕಾಕಾನ ಕಾರಿನೊಳಗೆ!

"ಎತ್ತು ನನ್ನವು" ಎಂದಳು ಚಿಗವ್ವ.

"ಬಂಡೀನೂ ನಿಂದ" ಎಂದ ಕಾಕಾ.

ಅವಳು ಬಾಗಿಲಿಗೆ ಕೈ ಹಾಕಿದಳು. ಚರ್ರ್ ಅಂತು. ಬೇಕಂತಲೇ ಮಾಡಿದಳೋ, ತಾನಾಗಿ ತಗುಲಿತೋ, ದೇವರೇ ಬಲ್ಲ. ಕಾಕಾ ಬಾಗಿಲ ಕಡೆ ನೋಡಲಿಲ್ಲ. ಅವಳ ಕೈ ಹಿಡಿದು ತಿರುಗಿಸಿ ನೋಡಿದ.

"ಕೈಗೇನರ ಆತೇನು?"

"ಇಲ್ಲ."

"ಹಂಗಾರ ಇನ್ನೊಂದ ಡಜನ್ ಹಾಕ್ಕೊಂಡ ಬಾ. ಬಾಗಲಾ ಭಾಳ ದೊಡ್ಡದೈತಿ, ಜಾಗಾ ಐತಿ."

ಇಷ್ಟು ದಿನ ಅವನನ್ನು ನೋಡಿ ನಕ್ಕಿದ್ದ ನಾನು ಹಿಂದಿನ ಬಾಗಿಲು ತೆಗೆದೆ. ಚಿಗವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು, ಕಾಲು ಝಾಡಿಸದೆ, ಹತ್ತಿ ಕೂತಳು. ಬಿಸಿಲಿಗೆ ಮೆತ್ತಗಾಗಿ ಎತ್ತುಗಳ ಕೊಂಬು ಬಾಗಿದ್ದವು. ಕೈ ಚಾಚಿ ಒಂದೊಂದನ್ನೇ ನೆಟ್ಟಗೆ ಮಾಡಿದಳು.

"ಹೂಂ, ಹೊಡೀರಿ" ಎಂದಳು.