ಬ್ಯಾಂಡ್ ಬಿಟ್ಟು ತಂತಿವಾದ್ಯ ಕರೆದವರು

ಮದುವೆಗೆ ತಂತಿವಾದ್ಯದವರನ್ನು ಆರಿಸಲು ಬರುವವರ ತಲೆಯಲ್ಲಿ ಏನಿರುತ್ತದೆಂದು ಆ ಬ್ರಹ್ಮನಿಗೂ ತಿಳಿಯದು. ಎಂಬತ್ತರ ದಶಕದಲ್ಲಿ ಚಿಕ್ಕೋಡಿಯಲ್ಲಿ ನಮ್ಮದೊಂದು ಮೇಳವಿತ್ತು. ಎರಡು ಪಿಟೀಲು, ಒಂದು ಸಿತಾರ. ನಾನು ಶಾಲಾ ಮಾಸ್ತರ, ಇನ್ನೊಂದು ಪಿಟೀಲಿನವ ನನ್ನ ಹೆಂಡತಿಯ ಅಣ್ಣ, ಸಿತಾರದವ ಟೇಲರ್. ಸುತ್ತಲಿನ ಊರುಗಳಲ್ಲೆಲ್ಲ ಮದುವೆಯೆಂದರೆ ಬ್ಯಾಂಡೇ. ಒಂದು ಮದುವೆಯಲ್ಲಾದರೂ ಜನ ಬಾಯಿ ಮುಚ್ಚಿ ನಮ್ಮನ್ನು ಕೇಳಬೇಕು ಎಂಬುದು ನನ್ನ ಹಟ. "ಈ ಲಗ್ನದ ಸೀಜನ್ನೂ ಹಿಂಗ ಹೋದ್ರ ನಾ ಸಿತಾರ ಮಾರತೇನ್ರಿ" ಎಂದು ಟೇಲರ್ ಆಗಲೇ ಹೆದರಿಸುತ್ತಿದ್ದ.

ಮಗ್ಗದ ಪರೀಕ್ಷೆ

ಬೋರಗಾಂವದ ಪವರ್‌ಲೂಮ್ ಮಾಲಕರೊಬ್ಬರು ಮಗಳ ಮದುವೆಗೆ ನಮ್ಮನ್ನು ಪರೀಕ್ಷಿಸಲು ಮಗ್ಗದ ಶೆಡ್ಡಿಗೇ ಕರೆಸಿದರು. ಮಗ್ಗಗಳು ಧಡಧಡ ಓಡುತ್ತಲೇ ಇದ್ದವು. ಅರ್ಧ ತಾಸು ಬೆವರಿಳಿಸಿ ಬಾರಿಸಿದೆವು. ನಮ್ಮದು ನಮಗೇ ಕೇಳಲಿಲ್ಲ. ಮಾಲಕರು ಮಾತ್ರ ನಮ್ಮ ಕೈಗಳನ್ನೇ ನೋಡುತ್ತ ತಲೆದೂಗುತ್ತಿದ್ದರು.

"ಹೆಂಗ ಅನಿಸ್ತರೀ?" ಎಂದು ಅವರ ಕಿವಿಯಲ್ಲಿ ಕೂಗಿದೆ.

"ಭಾರಿ ಆತ್ರಿ! ಅರ್ಧಾ ತಾಸಿನ್ಯಾಗ ಒಂದ ಎಳಿನೂ ಕಡೀಲಿಲ್ಲ!"

ಎಣಿಕೆ

ಮಗ್ಗದ ಮಾಲಕರು ಮದುವೆಗೇನೋ ಕರೆದರು; ನಾವು ಬಾರಿಸುವಾಗ ಮಂದಿಯೆಲ್ಲ ಊಟದ ಪಂಕ್ತಿಯಲ್ಲಿದ್ದರು. ಆಮೇಲೆ ರಾಯಬಾಗ ಕಡೆಯ ಗೌಡರೊಬ್ಬರು ಮನೆಗೇ ಬಂದರು. ಎತ್ತಿನ ಹಲ್ಲು ನೋಡುವಂತೆ ಬಗ್ಗಿ ಬಗ್ಗಿ ಒಂದೊಂದೇ ತಂತಿ ಎಣಿಸಿದರು. ಪಿಟೀಲಿಗೆ ನಾಲ್ಕು, ಸಿತಾರಕ್ಕೆ ಹದಿನೆಂಟು.

"ಮಾಸ್ತರ, ಈ ಟೇಲರ್ ಒಬ್ಬಾಂವ ಸಾಕ್ರಿ. ನೀವಿಬ್ರೂ ಕೂಡಿದ್ರೂ ಎಂಟ ಆಗ್ತಾವ."

ನನಗೆ ಸಿಟ್ಟು ನೆತ್ತಿಗೇರಿತು. "ಗೌಡ್ರ, ತಂತಿ ಅಲ್ರಿ, ಬಾರಿಸೂ ಕೈ ನೋಡ್ಬೇಕು!"

"ಕೈನೂ ನೋಡೇನ್ರಿ. ಎಲ್ಲಾರಿಗೂ ಎರಡೆರಡ ಅದಾವ."

ಅಕ್ಕಿಕಾಳು

ಕಾಗವಾಡದ ಮದುವೆಯೊಂದರಲ್ಲಿ ನಮ್ಮನ್ನು ಮದುಮಕ್ಕಳ ಬೆನ್ನ ಹಿಂದೆಯೇ ಕೂರಿಸಿದರು. ನಮ್ಮ ಕಡೆ ಅಕ್ಷತೆಯ ಅಕ್ಕಿಕಾಳೆಂದರೆ ಅರಿಸಿನ ಹಚ್ಚಿದ ಜೋಳ. ಒಂದೊಂದು ಮಂಗಳಾಷ್ಟಕಕ್ಕೂ ದೂರ ನಿಂತವರು ಕಸುವು ಹಾಕಿ ಎಸೆದರು. ಅದು ಮದುಮಕ್ಕಳ ತಲೆ ದಾಟಿ ನಮ್ಮ ಮೇಲೆ ಸುರಿದು, ಎರಡೂ ಪಿಟೀಲುಗಳ ತೂತಿನೊಳಗೆ ಹೊಕ್ಕಿತು. ಕೂಡಲೇ ಬಾರಿಸಬೇಕಿತ್ತು, ತೆಗೆಯಲು ಪುರುಸೊತ್ತಿಲ್ಲ. ಕಮಾನು ಎಳೆದಾಗಲೆಲ್ಲ ಝಲ್ ಝಲ್!

ಮಾನ ಹೋಯಿತೆಂದು ತಲೆ ತಗ್ಗಿಸಿ ಬಾರಿಸಿದೆ. ನೋಡಿದರೆ, ಊಟಕ್ಕೆ ಎದ್ದವರೇ ತಿರುಗಿ ಬಂದು ಸುಮ್ಮನೆ ಕುಳಿತಿದ್ದರು. ಖುಷಿಗೆ ನನ್ನ ಕಣ್ಣು ತುಂಬಿ ಬಂತು. ಮುಗಿದ ಮೇಲೆ ಅಥಣಿಯ ಸಾಹುಕಾರರೊಬ್ಬರು ಬಂದು ಕೈ ಹಿಡಿದರು.

"ನಮ್ಮ ಮಗನ ಲಗ್ನಕ್ಕ ಬ್ಯಾಂಡ್ ಬ್ಯಾಡ, ನೀವ ಬರ್ರಿ. ಆದ್ರ ಆ ಗೆಜ್ಜಿ ಸಪ್ಪಳಾ ಇರಾಕ ಬೇಕ್ ನೋಡ್ರಿ!"

ನಿಜ ಹೇಳದೆ ಒಪ್ಪಿಕೊಂಡೆ. ಟೇಲರಂತೂ ಸಿತಾರ ಮಾರುವ ಮಾತನ್ನೇ ಬಿಟ್ಟ. ಅಥಣಿಗೆ ಹೊರಡುವ ಮುಂಜಾನೆ ಎರಡೂ ಪಿಟೀಲು ಹಿಡಿದು ಅಡುಗೆಮನೆಗೆ ಹೋದೆ. ಹೆಂಡತಿ ಜೋಳದ ಡಬ್ಬಿ ತೆರೆದಳು.

"ನಮ್ಮಣ್ಣಂದಕ್ಕ ಒಂದ ಹಿಡಿ ಸಾಕ್ರಿ. ನಿಮ್ಮದಕ್ಕ ಎರಡ ಹಾಕ್ತೇನಿ. ತಪ್ಪ ಬಾರ್ಸಿದ್ದೆಲ್ಲಾ ಮುಚ್ಚಿ ಹೋಗ್ಲಿ."