ಸಂಕಪ್ಪನವರ ಒಂಟಿ ಸೀನು

ನಶ್ಯ ಬಿಟ್ಟು ಅರವತ್ತೆರಡು ದಿನ ಆಗಿತ್ತು. ಆ ಅರವತ್ತೆರಡರಲ್ಲಿ ಒಂದು ದಿನವನ್ನೂ ಸಂಕಪ್ಪನವರು ಸುಖವಾಗಿ ಕಳೆದಿರಲಿಲ್ಲ.

ಡಾಕ್ಟರು ಹೆದರಿಸಿದ್ದು ಒಂದು ಕಡೆ, ಹೆಂಡತಿ ಅಮ್ಮು ಮಾಡಿದ್ದು ಇನ್ನೊಂದು ಕಡೆ. ನರಿಮೊಗರಿನಿಂದ ಉಪ್ಪಿನಂಗಡಿಗೆ ಹೋಗಿದ್ದಾಗ ಸೇತುವೆಯ ಮೇಲೆ ನಿಂತು ಅವರ ನಶ್ಯದ ಡಬ್ಬಿಯನ್ನು ಹೊಳೆಗೆ ಬಗ್ಗಿಸಿದವರು ಅಮ್ಮು. ಅಷ್ಟಕ್ಕೇ ನಿಲ್ಲಿಸಿದ್ದರೆ ಸಂಕಪ್ಪನವರು ಸಂಜೆಯೇ ಹೊಸ ಡಬ್ಬಿ ತರುತ್ತಿದ್ದರು. ಆದರೆ ಅಮ್ಮು, "ನಿಮ್ಮೊಬ್ಬರಿಗೇ ಕಷ್ಟ ಬೇಡ. ನೀವು ನಶ್ಯ ಬಿಡಿ, ನಾನು ಕಾಫಿ ಬಿಡ್ತೇನೆ. ನೀವು ಮಾತು ತಪ್ಪಿದ ದಿನ ನಾನೂ ಕುಡೀತೇನೆ" ಎಂದುಬಿಟ್ಟರು.

ದಿನಕ್ಕೆ ಐದು ಲೋಟ ಕಾಫಿಯ ಹೆಂಗಸು! ಒಂದು ಬೆಳಿಗ್ಗೆ ಅಮ್ಮು ಖಾಲಿ ಕಾಫಿಪುಡಿ ಡಬ್ಬದ ಮುಚ್ಚಳ ತೆಗೆದು ಮೂಸುತ್ತಾ ನಿಂತದ್ದನ್ನು ಸಂಕಪ್ಪನವರು ಕಿಟಕಿಯಿಂದ ಕಂಡರು. ಇವಳಿಗೆ ಮೋಸ ಮಾಡಿದರೆ ತನಗೆ ನರಕದಲ್ಲೂ ಸೀಟು ಸಿಗದು ಎಂದು ಆಗಲೇ ತೀರ್ಮಾನಿಸಿದರು.

ಮಗಳು ನವ್ಯಾ ಜರ್ಮನಿಯ ಬವೇರಿಯಾದ ಒಂದು ಸಣ್ಣ ಪೇಟೆಯಲ್ಲಿ ನರ್ಸ್. ಬೇಸಿಗೆ ಚಂದ ಎಂದು ಇಬ್ಬರನ್ನೂ ಕರೆಸಿಕೊಂಡಿದ್ದಳು. ಜುಲೈಯ ಆ ಭಾನುವಾರ ಹೊಳೆ ಬದಿಯ ಮೈದಾನದಲ್ಲಿ ಊರಿನ ಸಂತೆ, ಹಬ್ಬ. ಬುಟ್ಟಿ, ಮಣ್ಣಿನ ಪಾತ್ರೆ, ಜೇನು, ಚೀಸಿನ ಅಂಗಡಿಗಳು, ತುತ್ತೂರಿಯ ಬ್ಯಾಂಡು, ಮೊಣಕಾಲಿನವರೆಗಿನ ಚರ್ಮದ ಚಡ್ಡಿ ತೊಟ್ಟ ಮುದುಕರು.

"ಇವರು ಅಜ್ಜ ಆದ್ರೂ ಚಡ್ಡಿ ಬಿಡ್ಲಿಲ್ಲ ಅಲ್ಲ ಮಾರಾಯ್ತಿ" ಎಂದರು ಸಂಕಪ್ಪನವರು.

"ಬಿಡ್ಬೇಕಾದ್ದನ್ನು ಬಿಟ್ರೆ ಸಾಕು" ಎಂದರು ಅಮ್ಮು.

ನವ್ಯಾಳಿಗೆ ಆಸ್ಪತ್ರೆಯವರ ಸ್ಟಾಲಿನಲ್ಲಿ ಎರಡು ಗಂಟೆ ಕೆಲಸವಿತ್ತು. "ಅಪ್ಪಾ, ನೀವು ಯೋಸೆಫಜ್ಜನ ಹತ್ರ ಕೂತಿರಿ" ಎಂದು ಪಕ್ಕದ ಮನೆಯ ಮುದುಕನಿಗೆ ಒಪ್ಪಿಸಿ ಹೋದಳು. "ನಾನು ಬುಟ್ಟಿ ನೋಡಿ ಬರ್ತೇನೆ" ಎಂದು ಅಮ್ಮುವೂ ಹೊರಟರು. ಸೊಂಟನೋವಿನ ಹೆಂಗಸು ಅಷ್ಟು ಬಿರುಸಾಗಿ ನಡೆದದ್ದನ್ನು ಸಂಕಪ್ಪನವರು ಗಮನಿಸಬೇಕಿತ್ತು. ಗಮನಿಸಲಿಲ್ಲ, ಯಾಕೆಂದರೆ ಯೋಸೆಫಜ್ಜ ಆಗ ಜೇಬಿನಿಂದ ಒಂದು ಡಬ್ಬಿ ತೆಗೆದಿದ್ದ.

ನಶ್ಯ! ಪುದೀನದ ಪರಿಮಳ ಬೇರೆ. ಅಜ್ಜ ಮುಂಗೈ ಮೇಲೆ ಸುರಿದು ಏರಿಸಿ, ಡಬ್ಬಿಯನ್ನು ಇವರತ್ತ ಚಾಚಿದ.

"ಬೇಡ ಮಾರಾಯ್ರೆ, ಆಣೆ ಉಂಟು" ಎಂದು ಸಂಕಪ್ಪನವರು ಕೈಮುಗಿದರು. ಅಜ್ಜ ಅದನ್ನು ನಮಸ್ಕಾರವೆಂದುಕೊಂಡು ತಾನೂ ಕೈಮುಗಿದು, ಡಬ್ಬಿಯನ್ನು ಮೂಗಿನ ಬುಡಕ್ಕೇ ತಂದ. ಅಷ್ಟು ಮರ್ಯಾದೆ ಕೊಡುವವನ ಮನಸ್ಸು ನೋಯಿಸುವುದು ಹೇಗೆ? ಒಂದು ಚಿಟಿಕೆ ತೆಗೆದರು. ಮತ್ತೊಂದು ಹೊಳ್ಳೆ ಬೇಸರಪಡಬಾರದೆಂದು ಇನ್ನೊಂದು ಚಿಟಿಕೆ.

ಯೋಸೆಫಜ್ಜ ಬಾಯಿ ತೆರೆದು ನೋಡಿದ. ಸೀನಿಲ್ಲ, ಕಣ್ಣಲ್ಲಿ ನೀರಿಲ್ಲ! ಅವನಿಗೆ ಒಳಗುಟ್ಟು ಗೊತ್ತಿರಲಿಲ್ಲ. ಸಂಕಪ್ಪನವರು ಪುತ್ತೂರು-ಕಡಬ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರ್. ಒಮ್ಮೆ ಬಸ್ಸು ಹೊರಡುವ ಹೊತ್ತಿಗೆ ಸರಿಯಾಗಿ ಅವರು ಸೀನಿದಾಗ, ಒಂಟಿ ಸೀನು ಅಪಶಕುನ ಎಂದು ನಿಶ್ಚಿತಾರ್ಥಕ್ಕೆ ಹೊರಟಿದ್ದ ಇಡೀ ದಿಬ್ಬಣವೇ ಇಳಿದುಹೋಗಿತ್ತು. ಡ್ರೈವರ್ ಅಚ್ಚುತ ಒಂದು ವಾರ ಮಾತು ಬಿಟ್ಟಿದ್ದ. ಅಂದಿನಿಂದ ಸೀನನ್ನು ಮೂಗಿನಲ್ಲೇ ಕಟ್ಟಿಹಾಕುವ ವಿದ್ಯೆ ಅವರಿಗೆ ಸಿದ್ಧಿಸಿತ್ತು.

ಅಜ್ಜ ಅವರ ಕೈ ಹಿಡಿದು ಎಳೆದುಕೊಂಡೇ ಹೋದ. ಒಂದು ವೇದಿಕೆ ಹತ್ತಿಸಿ ಕೂರಿಸಿದರು. ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿದರು. ಊಟಕ್ಕಿರಬೇಕು ಎಂದುಕೊಂಡರು ಸಂಕಪ್ಪನವರು. ಎದುರಿಗೆ ತುಂಬಿದ ನಶ್ಯದ ಡಬ್ಬಿ ಇಟ್ಟಾಗಲೇ ಇದು ಸ್ಪರ್ಧೆ ಎಂದು ತಿಳಿದದ್ದು. ಒಂದು ನಿಮಿಷದಲ್ಲಿ ಹೆಚ್ಚು ಏರಿಸಿದವನು ಗೆದ್ದ, ಸೀನಿದವನು ಹೊರಗೆ. ಯೋಸೆಫಜ್ಜನ ನಶ್ಯ ಸಂಘದ ಒಬ್ಬ ಸೈಕಲ್ಲಿನಿಂದ ಬಿದ್ದು ಜಾಗ ಖಾಲಿಯಾಗಿತ್ತು.

ಎದ್ದು ಓಡಬೇಕೆನ್ನುವಷ್ಟರಲ್ಲಿ ಜನ "ಇಂಡಿಯಾ! ಇಂಡಿಯಾ!" ಎಂದು ಕೂಗತೊಡಗಿದರು. ಆಣೆ ಮನೆಯದ್ದು, ಮಾನ ದೇಶದ್ದು. ಗಂಟೆ ಬಾರಿಸಿದರು. ಅಕ್ಕಪಕ್ಕದವರು ಪಟಾಕಿಗಳಂತೆ ಒಬ್ಬೊಬ್ಬರಾಗಿ ಸಿಡಿದರು. ಸಂಕಪ್ಪನವರು ಮಾತ್ರ ಟಿಕೆಟು ಹರಿಯುವಾಗಿನ ಗಾಂಭೀರ್ಯದಲ್ಲಿ ಡಬ್ಬಿ ಖಾಲಿ ಮಾಡಿದರು.

ಯೋಸೆಫಜ್ಜ ಅಪ್ಪಿಕೊಂಡು ಅತ್ತೇಬಿಟ್ಟ. ಒಂದು ಹೊಸ ಡಬ್ಬಿ ಕೈಗೆ ಬಂತು. ಸಕ್ಕರೆಯಲ್ಲಿ ಏನೋ ಅಕ್ಷರ ಬರೆದ, ಹೃದಯದಾಕಾರದ ದೊಡ್ಡ ಶುಂಠಿ ಬಿಸ್ಕತ್ತು ರಿಬ್ಬನ್ನಿನೊಂದಿಗೆ ಕೊರಳಿಗೆ ಬಿತ್ತು.

ಸಂಕಪ್ಪನವರು ನಳ್ಳಿಯಲ್ಲಿ ಮುಖ ತೊಳೆದು, ಡಬ್ಬಿಯನ್ನು ಒಳಜೇಬಿಗೆ ಸೇರಿಸಿ ತಿರುಗಿದರೆ ಎದುರಿಗೇ ಅಮ್ಮು. ಬೇರೆ ದಾರಿ ಕಾಣದೆ ಆ ಹೃದಯವನ್ನು ಆಕೆಯ ಕೊರಳಿಗೆ ಹಾಕಿ, "ನಿನಗೆ ಅಂತ ತಂದೆ" ಎಂದರು.

"ನನಗಾ?" ಅಮ್ಮುವಿನ ಕಣ್ಣು ತುಂಬಿತು. ನಲವತ್ತು ವರ್ಷಗಳಲ್ಲಿ ಕೇಳದೆಯೇ ಬಂದ ಮೊದಲ ಉಡುಗೊರೆ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಇದನ್ನು ತಡೆಯಲು ಸಂಕಪ್ಪನವರಿಗೆ ಆಗಲಿಲ್ಲ. ಮುಖ ತಿರುಗಿಸಿದರು.

ಎದುರು ಬಂದವರೆಲ್ಲ ಅಮ್ಮುವಿನ ಕೊರಳು ನೋಡಿ ನಕ್ಕು, ತಮ್ಮ ಮೂಗು ಮುಟ್ಟಿ ಹೆಬ್ಬೆರಳು ಎತ್ತಿ ತೋರಿಸಿದರು.

"ಇಲ್ಲಿಯವರಿಗೆ ನನ್ನ ಮೂಗುತಿ ಭಾರೀ ಇಷ್ಟ ಆಗಿದೆ" ಎಂದರು ಅಮ್ಮು.

"ಮನೆಗೆ ಹೋಗುವ, ಹೊರಡು" ಎಂದು ಸಂಕಪ್ಪನವರು ಹೆಜ್ಜೆ ಎತ್ತಿದರು. ಅಷ್ಟರಲ್ಲಿ ಮೂವತ್ತು ವರ್ಷ ಕಟ್ಟಿಟ್ಟದ್ದು ಒಮ್ಮೆಲೇ ಬಿಚ್ಚಿಕೊಂಡಿತು.

"ಆ...ಕ್ಷೀ!"

ಇನ್ನೊಂದು ಬರುತ್ತದೋ ಎಂದು ಇಬ್ಬರೂ ಕಾದರು. ಬರಲಿಲ್ಲ.

"ಒಂಟಿ ಸೀನು! ಸ್ವಲ್ಪ ಕೂತು ಹೋಗುವ" ಎಂದು ಸಂಕಪ್ಪನವರೇ ಹತ್ತಿರದ ಅಂಗಡಿಯೊಂದರ ಮುಂದಿನ ಬೆಂಚಿಗೆ ನಡೆದರು.

"ಇಲ್ಲಿ ಬೇಡ, ಆಚೆ ಕೂರುವ" ಎಂದು ಅಮ್ಮು ಸೆರಗು ಸರಿಪಡಿಸಿಕೊಂಡರು. ಅಷ್ಟರಲ್ಲಿ ಆ ಅಂಗಡಿಯ ಹೆಂಗಸು ನಗುತ್ತಾ ಓಡಿಬಂದು, ಯಾರೂ ಕೇಳದೆಯೇ ಅಮ್ಮುವಿನ ಮುಂದೆ ದೊಡ್ಡ ಕಪ್ಪಿನಲ್ಲಿ ಕಾಫಿ ಇಟ್ಟು, ನಾಲ್ಕು ಬೆರಳು ತೋರಿಸಿದಳು. ನಾಲ್ಕನೆಯದು!

ಸಂಕಪ್ಪನವರ ಬೆನ್ನು ನೆಟ್ಟಗಾಯಿತು. "ಅಮ್ಮೂ! ಬುಟ್ಟಿ ನೋಡ್ಲಿಕ್ಕೆ ಹೋದದ್ದಾ ನೀನು? ಮಾತು ಅಂದ್ರೆ ಮಾತು. ನನ್ನನ್ನು ನೋಡು, ಅರವತ್ತೆರಡು ದಿನ. ಮನುಷ್ಯನಿಗೆ ಮನಸ್ಸು ಗಟ್ಟಿ ಬೇಕು. ಹೋಗ್ಲಿ, ಕ್ಷಮಿಸಿದ್ದೇನೆ."

ಅಮ್ಮು ತಲೆ ತಗ್ಗಿಸಿ ಕೂತಿದ್ದರು. ಆಗ ನವ್ಯಾ ಬಂದಳು. "ಅಮ್ಮಾ, ಎಂತ ಇದು ಕೊರಳಲ್ಲಿ? 'ನಶ್ಯ ಸ್ಪರ್ಧೆ, ಮೊದಲ ಬಹುಮಾನ' ಅಂತ ಬರೆದುಂಟಲ್ಲ! ಅಪ್ಪಾ...?"

ಅಮ್ಮು ನಿಧಾನವಾಗಿ ತಲೆ ಎತ್ತಿದರು. "ನೀವು ಮಾತು ತಪ್ಪಿದ ದಿನ ಕುಡೀತೇನೆ ಅಂದಿದ್ದೆ. ಕುಡಿದೆ. ನಾನು ಮಾತು ತಪ್ಪಿದ್ದೆಲ್ಲಿ?"

"ಕುಡಿಯುವಾಗ ನಿನಗೆ ಗೊತ್ತಿತ್ತಾ?"

"ನಲವತ್ತು ವರ್ಷ ಆಯ್ತು. ಗೊತ್ತಾಗ್ಲಿಕ್ಕೆ ನೋಡ್ಬೇಕಾ?" ಎಂದು ನಕ್ಕು, ಅಮ್ಮು ಹೃದಯವನ್ನು ಎರಡು ತುಂಡು ಮಾಡಿದರು. ಒಂದನ್ನು ಕಾಫಿಯಲ್ಲಿ ಅದ್ದಿ ಗಂಡನ ಕೈಗಿಟ್ಟರು. "ತಿನ್ನಿ. ನಾಳೆಯಿಂದ ಪುನಃ ಇಬ್ಬರೂ ಬಿಡುದು. ಎಲ್ಲಿ, ಆ ಡಬ್ಬಿ ಕೊಡಿ."

"ನಿನ್ನ ಕಾಫಿ?"

"ಅದು ಹೊಟ್ಟೆಗೆ ಹೋಗಿ ಆಯ್ತು. ಹೊಳೆಗೆ ಹಾಕ್ಲಿಕ್ಕೆ ಆಗ್ತದಾ?"

ಮನೆಯ ದಾರಿಯಲ್ಲಿ ಸೇತುವೆ ಸಿಕ್ಕಿತು. ಅಮ್ಮು ಡಬ್ಬಿ ಬಗ್ಗಿಸಿದರು. ಗಾಳಿ ಒಂದಿಷ್ಟು ಪುಡಿಯನ್ನು ಅವರ ಮುಖಕ್ಕೇ ತಂದಿತು. ಅಮ್ಮು ಸೀನಿದರು. ಮತ್ತೊಮ್ಮೆ ಸೀನಿದರು.

"ಜೋಡಿ ಸೀನು, ಒಳ್ಳೇದಾಯ್ತು" ಎಂದು ಗಂಡನ ತೋಳು ಹಿಡಿದರು. "ಇನ್ನು ಹೋಗುವ."

ಸಂಕಪ್ಪನವರು ಹೊಳೆಯನ್ನೊಮ್ಮೆ ನೋಡಿ, ಬೆರಳು ಮಡಚಿ ಪುನಃ ಒಂದರಿಂದ ಎಣಿಸತೊಡಗಿದರು.