ಓಣಿಯ ಖಾಲಿ ತೂಕ

ನಮ್ಮ ಕಾಕಾ ಒಂದಿಡೀ ಓಣಿಯನ್ನು, ಮುದುಕರು ಮಕ್ಕಳು ಬಸುರಿಯರ ಸಮೇತ, ಲಾರಿ ತೂಗುವ ಕಾಟಾದ ಮೇಲೆ ನಿಲ್ಲಿಸಿ ತೂಗಿದವರು. ನೀವು ನಂಬಲಾರಿರಿ, ನಂಬಲೂ ಬೇಡಿ. ನಾನೇ ಅರ್ಧ ನಂಬಿದ್ದೇನೆ. ಓಣಿಗೆ ಓಣಿಯೇ ಬಂದಿತ್ತೋ, ನಾಲ್ಕು ಮನೆಯವರು ಬಂದದ್ದನ್ನು ನನ್ನ ನೆನಪು ಓಣಿ ಮಾಡಿಕೊಂಡಿದೆಯೋ! ಧಾರವಾಡದಲ್ಲಿ ಪದಾರ್ಥವಿಜ್ಞಾನ ಓದಿದ್ದರಿಂದ ಆದ ಒಂದೇ ಲಾಭವೆಂದರೆ ಎಲ್ಲದರ ಮೇಲೂ ಅನುಮಾನ, ಮೊದಲು ನನ್ನ ಮೇಲೆ.

ಅರವತ್ತರ ದಶಕದ ದಾಂಡೇಲಿ ಅದು. ಕಾಕಾ ಅಲ್ಲಿ ಒಂದು ಬಿದಿರಿನ ಡಿಪೋದ ಕಾಟಾದ ಮೇಲಿದ್ದರು. ಬಂದ ಲಾರಿಯನ್ನು ತುಂಬಿದಾಗ ಒಮ್ಮೆ, ಇಳಿಸಿದ ಮೇಲೆ ಒಮ್ಮೆ ತೂಗುವುದು ಅವರ ಕೆಲಸ. ಖಾಲಿ ತೂಕ ಗೊತ್ತಿಲ್ಲದಿದ್ದರೆ ಮಾಲು ಎಷ್ಟೆಂದು ದೇವರಿಗೂ ತಿಳಿಯದು ಎನ್ನುವುದು ಅವರ ವೇದಾಂತ. ಅದನ್ನು ಲಾರಿಗಷ್ಟೇ ಬಿಟ್ಟಿದ್ದರೆ ಈ ಪ್ರಬಂಧ ಬೇಕಿರಲಿಲ್ಲ. ಹೊಸ ಚಪ್ಪಲಿ ಕೊಂಡರೂ ಮೆಟ್ಟುವ ಮೊದಲು ತೂಗುತ್ತಿದ್ದರು. ಸವೆದದ್ದು ಎಷ್ಟೆಂದು ಆಮೇಲೆ ತಿಳಿಯಬೇಕಲ್ಲ!

ಒಂದು ದಿನ ಚಹಾದ ಅಂಗಡಿಯಲ್ಲಿ ಯಾರೋ ಸುದ್ದಿ ಹಚ್ಚಿದರು. ಕುಳಗಿಯ ಕಡೆ ಡೇರೆ ಹಾಕಿದ ಸರ್ವೆಯವರು ಅಣುವಿನಿಂದ ಕರೆಂಟು ತೆಗೆಯುವ ಕಾರಖಾನೆಗೆ ಜಾಗ ನೋಡುತ್ತಿದ್ದಾರಂತೆ. ಬಹುಶಃ ಅವರು ಆಣೆಕಟ್ಟಿಗಾಗಿ ಹೊಳೆ ಅಳೆಯಲು ಬಂದವರು. ಆದರೆ ಕಾಕಾ ರಜೆಗೆ ಬಂದಿದ್ದ ನನ್ನನ್ನು ಹಿಡಿದು ಕೂರಿಸಿದರು.

"ನೀ ಕಲ್ತಾಂವ. ಆ ಅಣುವಿನ ವಿಷ ಹೆಂಗಿರತೈತಿ?"

"ವಿಕಿರಣ ಕಾಕಾ. ಕಣ್ಣಿಗೆ ಕಾಣಂಗಿಲ್ಲ, ವಾಸನಿ ಇಲ್ಲ, ರುಚಿ ಇಲ್ಲ."

"ಹಂಗಾರ ಬಂದದ್ದು ಹೆಂಗ ಗೊತ್ತಾಗಬೇಕು?"

"ಅದನ್ನ ಅಳಿಯೂ ಯಂತ್ರ ಇರತಾವ."

"ಯಾರ ಕೈಯಾಗ?"

"ಕಾರಖಾನಿಯವರ ಕೈಯಾಗ."

"ಭೇಷ್! ಲಾರಿ ಮಾಲಕನ ಕೈಯಾಗ ಕಾಟಾ ಕೊಟ್ಟಂಗಾತು!"

ಮರುದಿನವೇ ಓಣಿಯಲ್ಲಿ ಡಂಗುರ. ಅಣು ಬರುವ ಮೊದಲು ಎಲ್ಲರ ಖಾಲಿ ತೂಕ ಆಗಬೇಕು! ಖಾಲಿ ಎಂದ ಮೇಲೆ ಹೊಟ್ಟೆಯೂ ಖಾಲಿ ಇರಬೇಕು. ಅದಕ್ಕಾಗಿ ಶ್ರಾವಣ ಸೋಮವಾರದ ಬೆಳಗನ್ನೇ ಆರಿಸಿದರು. ಹೇಗೂ ಎಲ್ಲರಿಗೂ ಉಪವಾಸ.

ಎದುರು ಮನೆಯ ಗಂಗವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿ ಬಂದಳು. "ಏನೋ ಯಪ್ಪಾ, ನಮ್ಮನ್ನೂ ಬಿದಿರಿನ ಕೂಡ ಮಾರಾಂವ ಏನ?"

"ನಿನ್ನ ಯಾರ ಕೊಳ್ತಾರಬೇ? ಸುಮ್ನ ಹತ್ತು."

ಹತ್ತಿದಳು. ಕಾಟಾದ ಮುಳ್ಳು ಅಲುಗಲಿಲ್ಲ. ಲಾರಿಗೆಂದು ಮಾಡಿದ ಯಂತ್ರಕ್ಕೆ ಒಬ್ಬ ಗಂಗವ್ವ ಯಾವ ಲೆಕ್ಕ! ಗಂಗವ್ವನಿಗೆ ಪರಮಾನಂದ. "ನೋಡ್ರಿ, ನಾ ಹೂವಿನಂಗ ಅದೇನಿ!" ಕಾಕಾ ತಲೆ ಕೆರೆದುಕೊಂಡು, "ಎಲ್ಲಾರೂ ಹತ್ರಿ, ಕೂಡಿಸಿ ತೂಗೂಣು" ಎಂದರು. ಓಣಿ ಒಟ್ಟಾಗಿ ಹತ್ತಿ, ನಗಬಾರದೆಂಬ ಕಟ್ಟಪ್ಪಣೆಗೆ ಇನ್ನಷ್ಟು ನಕ್ಕು, ತೂಗಿಸಿಕೊಂಡಿತು.

ನನ್ನ ವಿಜ್ಞಾನ ಸುಮ್ಮನಿರಲಿಲ್ಲ. "ಕಾಕಾ, ನಾಳೆ ಒಬ್ಬಾಂವ ಸೊರಗಿ ಇನ್ನೊಬ್ಬಾಕಿ ದಪ್ಪಾದ್ರ ಕೂಡಿಸಿದ ತೂಕ ಅಷ್ಟ ಇರತೈತಲ್ಲ?"

ಕಾಕಾ ಓಣಿಯತ್ತ ತಿರುಗಿದರು. "ಅಣು ಬರೂತನಕ ಯಾರೂ ದಪ್ಪ ಆಗಬ್ಯಾಡ್ರಿ!"

ಆಮೇಲೆ ಸರದಿ ನದಿಯದು. ಕಾಳಿಯ ನೀರನ್ನು ಔಷಧದ ಸೀಸೆಗಳಲ್ಲಿ ತುಂಬಿ, ಬೂಚು ಬಿಗಿದು, ಗೋಡೆಯ ಮಾಡದಲ್ಲಿ ಸಾಲಾಗಿ ಇಟ್ಟರು. ಮುಂದೆ ಹೊಳೆ ಕೆಟ್ಟರೆ ಪಕ್ಕದಲ್ಲಿಟ್ಟು ತೋರಿಸಲು. ಎರಡು ಮಳೆಗಾಲ ಕಳೆಯುವುದರಲ್ಲಿ ಅಣುವಿನ ಸಹಾಯವಿಲ್ಲದೆಯೇ ಸೀಸೆಯ ನೀರು ಹಸಿರಾಯಿತು, ಹೊಳೆ ಹಾಗೆಯೇ ಹರಿಯುತ್ತಿತ್ತು!

ಆದರೆ ಅದಕ್ಕೆ ಮುಂಚೆಯೇ, ಒಂದು ದಿನ, ನಾವಿಬ್ಬರೂ ಕುಳಗಿಗೆ ಹೋಗಿದ್ದೆವು. ಡೇರೆಯಲ್ಲಿದ್ದ ತರುಣ ಇಂಜಿನಿಯರು ಒಳ್ಳೆಯವನು. ಕುರ್ಚಿ ಕೊಟ್ಟು ಎಲ್ಲ ಕೇಳಿ ನಕ್ಕ.

"ಅಜ್ಜಾರ, ಅಣು ಬಂದ್ರೂ ಸರಕಾರದ ನಿಯಮ ಇರತಾವ್ರೀ. ಡಾಕ್ಟರು ಬಂದು ಮಂದೀನ್ನ ನೋಡ್ತಾರ."

"ನೋಡ್ತಾರ. ನೋಡಿ ಏನ ಕೇಳ್ತಾರ, ಗೊತ್ತೈತೇನ್ರಿ? ಮೊದಲ ಹೆಂಗಿದ್ರಿ, ಅಂತ ಕೇಳ್ತಾರ."

ಕಾಕಾನ ದನಿ ಬೇರೆಯಾಗಿತ್ತು. ಇಂಜಿನಿಯರು ನಗು ನಿಲ್ಲಿಸಿದ. ನಾನೂ.

ಹಿಂದಿರುಗುವ ದಾರಿಯಲ್ಲಿ, ತೇಗದ ಮರಗಳ ನಡುವೆ ಸೈಕಲ್ಲು ತಳ್ಳುತ್ತಾ ಕಾಕಾ ಆ ಮಾತಿನ ಹಿಂದಿನ ಕಥೆ ಹೇಳಿದರು. ದಾಂಡೇಲಿಗೆ ಬರುವ ಮೊದಲು ಅವರೂ ಅವರ ಹೆಂಡತಿ, ನಮ್ಮ ಚಿಗವ್ವನೂ ಜೋಯಿಡಾ ಕಡೆಯ ಒಂದು ಗಣಿಯಲ್ಲಿದ್ದರು. ಚಿಗವ್ವ ಅದಿರಿನ ಬುಟ್ಟಿ ಹೊರುತ್ತಿದ್ದಳು. ಕೆಮ್ಮು ಹತ್ತಿತು, ಸೊರಗಿದಳು, ಹೋದಳು. ವಿಚಾರಣೆಗೆ ಒಬ್ಬ ಸಾಹೇಬರು ಬಂದರು. ಗಣಿಯ ಗುತ್ತಿಗೆದಾರ ಹೇಳಿದ, "ತವರಿಂದನ ಕೆಮ್ಮು ಹೊತ್ಕೊಂಡು ಬಂದಾಕಿ. ಗಂಡಗ ಗೊತ್ತಿದ್ದು ಮುಚ್ಚಿಟ್ಟಾನ." ಸಾಹೇಬರು ಕಾಕಾನನ್ನು ಕೇಳಿದರು, ಮೊದಲು ಹೇಗಿದ್ದಳು?

"ಚಲೋ ಇದ್ಲರಿ, ಅಂದೆ. ಚಲೋ ಅಂದ್ರ ಎಷ್ಟು ಚಲೋ? ಯಾರ ಕಂಡಾರ? ಮದುವಿ ಆದ ವಾರಕ್ಕ ಗಣಿಗಿ ಕರಕೊಂಡು ಬಂದಿದ್ದೆ. ನನಗರ ಏನ ಗೊತ್ತಿತ್ತು? ಸುಮ್ನ ನಿಂತೆ. ಬ್ಯಾನಿ ಮುಚ್ಚಿಟ್ಟು ಬಂದ ಸುಳ್ಳ ಹೆಣ್ಣು ಅಂತ ಆತು ಆಕಿ ಹೆಸರು." ಅಷ್ಟು ಹೇಳಿ ಸೈಕಲ್ಲು ಹತ್ತಿ ಮುಂದೆ ಹೊರಟುಬಿಟ್ಟರು.

ಆ ಸರ್ವೆಯವರು ಡೇರೆ ಕಿತ್ತರು, ಕಾಕಾನೂ ಕಾಲವಾದರು. ಬಹಳ ವರ್ಷಗಳ ಮೇಲೆ, ಅದೇ ಕಾಳಿಯ ಕೆಳದಂಡೆಗೆ ಅಣುವಿದ್ಯುತ್ತು ನಿಜವಾಗಿಯೂ ಬಂತು. ಸ್ಥಾವರ ಶುರುವಾಗುವ ಮೊದಲೇ ನೀರು, ಮೀನು, ಮಣ್ಣುಗಳನ್ನು ಅಳೆದಿಡಬೇಕೆಂಬ ಮಾತನ್ನು ಪತ್ರಿಕೆಯಲ್ಲಿ ಓದುತ್ತಾ ನನಗೆ ನಗು ಬಂತು, ಮತ್ತೆ ಆ ಸೈಕಲ್ಲು ನೆನಪಾಯಿತು. ಮುಂಡಗೋಡದ ಬಸ್ಸು ಹತ್ತಿದೆ. ಅಲ್ಲಿಂದ ಚಿಗವ್ವನ ತವರು ದೂರವಲ್ಲ. ಅವಳು ಮೊದಲು ಹೇಗಿದ್ದಳೆಂದು ಕಂಡವರು ಅಲ್ಲಿರಬೇಕಲ್ಲ!

ಅವಳ ಓರಗೆಯ ಒಬ್ಬ ಮುದುಕಿ ಕಟ್ಟೆಯ ಮೇಲೆ ಕೂತು ಅವರೆ ಬಿಡಿಸುತ್ತಿದ್ದಳು. ಹೆಸರು ಹೇಳಿದ್ದೇ ತಡ, ಮುಖ ಅರಳಿತು.

"ಆಕಿನಾ! ಎರಡ ಕೊಡ ನೀರ ಹೊತ್ತು ಕೆರಿ ಏರಿ ಹತ್ತತಿದ್ಲು, ಹತ್ತಕೋತ ನನ್ನ ಕೂಡ ಜಗಳಾನೂ ಆಡತಿದ್ಲು. ತೇಕತಿದ್ದಾಕಿ ನಾನಪಾ, ಆಕಿ ಅಲ್ಲ."

ಅನುಮಾನದ ಪ್ರಾಣಿ ನಾನು. ಮುದುಕಿಯ ಮಾತು ಹೇಳದೆ, ಊರಿನ ಇನ್ನಿಬ್ಬರನ್ನು ಬೇರೆ ಬೇರೆಯಾಗಿ ಕೇಳಿದೆ. ಇಬ್ಬರೂ ಮೊದಲು ಆ ಕೊಡಗಳನ್ನೇ ನೆನೆದರು, ಆಮೇಲೆ ಆ ಬಾಯನ್ನು.

ಕಾಟಾ ಹತ್ತಿದವರು ಎಷ್ಟು ಮನೆಯವರೋ, ನನಗೆ ಇಂದಿಗೂ ಗೊತ್ತಿಲ್ಲ. ಇದೊಂದು ಮಾತ್ರ ಖಚಿತ. ಗಣಿಗೆ ಹೋಗುವ ಮೊದಲು ನಮ್ಮ ಚಿಗವ್ವನಿಗೆ ಕೆಮ್ಮು ಇರಲಿಲ್ಲ.